ಕಾರ್ಮಿಕ ನ್ಯಾಯಾಲಯದಲ್ಲಿ ಕಂಪನಿಯ ಪರ ನಿಲ್ಲಲು ಯಾವ ಕಾಗದ ಬೇಕು?

ಪ್ರಶ್ನೆ: ನಾನು ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರ ಕಾರ್ಖಾನೆಯಲ್ಲಿ ಎಚ್‌ಆರ್ ಅಧಿಕಾರಿ. ವಜಾಗೊಂಡ ಕಾರ್ಮಿಕರೊಬ್ಬರು ಕಾರ್ಮಿಕ ನ್ಯಾಯಾಲಯದಲ್ಲಿ ಕೇಸು ಹಾಕಿದ್ದಾರೆ. ನಮ್ಮ ಜನರಲ್ ಮ್ಯಾನೇಜರ್ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟ ಅಧಿಕಾರ ಪತ್ರ ಹಿಡಿದು ನಾನೇ ಹೋಗಿಬರುತ್ತಿದ್ದೇನೆ. ಕಂಪನಿಯ ಆಕ್ಷೇಪಣಾ ಹೇಳಿಕೆಗೂ ನಾನೇ ಸಹಿ ಹಾಕಿದ್ದೇನೆ. ಕಳೆದ ವಾಯಿದೆಯಲ್ಲಿ ಕಾರ್ಮಿಕರ ಪರ ಇರುವ ಯೂನಿಯನ್ ಮುಖಂಡರು ‘ಈ ಪತ್ರಕ್ಕೆ ಬೆಲೆಯಿಲ್ಲ, ಬೋರ್ಡ್ ನಿರ್ಣಯ ಎಲ್ಲಿ?’ ಎಂದು ತಕರಾರು ತೆಗೆದರು. ನಾವು ವಕೀಲರನ್ನು ಇಡುವುದಕ್ಕೂ ಅವರ ಒಪ್ಪಿಗೆ ಇಲ್ಲ. ವಕೀಲರ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಸಾಮಾನ್ಯ ಮುಖ್ತಿಯಾರ್ ಪತ್ರ) ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಕಚೇರಿಯಲ್ಲಿ ಹೇಳುತ್ತಿದ್ದಾರೆ. ನಿಜವೇ? ಈವರೆಗೆ ಸಹಿ ಹಾಕಿದ್ದೆಲ್ಲ ಬಿದ್ದುಹೋಗುತ್ತದೆಯೇ? ನಾನೇ ಸಾಕ್ಷಿ ಹೇಳಬಹುದೇ? ನಾಳೆ ನನಗೇ ತೊಂದರೆ ಬಂದೀತೇ?

ಉತ್ತರ: ಗಾಬರಿಯಾಗಬೇಡಿ. ನೀವು ಸಹಿ ಹಾಕಿದ ಹೇಳಿಕೆ ಬಿದ್ದುಹೋಗಿಲ್ಲ. ಆಗಿರುವ ಕೊರತೆ ತುಂಬಿಕೊಡಬಹುದಾದದ್ದೇ. ಆದರೆ ಯೂನಿಯನ್ ಮುಖಂಡರ ತಕರಾರನ್ನು ಕಾಲ ತಳ್ಳುವ ತಂತ್ರ ಎಂದು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಮುಂದಿನ ವಾಯಿದೆಯೊಳಗೆ ಬೋರ್ಡ್ (ನಿರ್ದೇಶಕ ಮಂಡಳಿ) ನಿರ್ಣಯ ಮಾಡಿಸಿ, ಅದರಲ್ಲೇ ಹಿಂದಿನ ಕೆಲಸಗಳಿಗೂ ಅನುಮೋದನೆ ಪಡೆದು, ದೃಢೀಕೃತ ಪ್ರತಿಯನ್ನು ಕಡತಕ್ಕೆ ಸೇರಿಸಿ. ವಕೀಲರಿಗೆ ಜಿಪಿಎ ಮಾಡಿಸುವ ಸಲಹೆಯನ್ನು ಮಾತ್ರ ಇಂದೇ ಕೈಬಿಡಿ. ಅದು ಐದು ದಶಕಗಳ ಹಿಂದೆಯೇ ಸುಪ್ರೀಂ ಕೋರ್ಟ್ ಮುಚ್ಚಿದ ದಾರಿ.

ನಿಮ್ಮಂಥ ಪ್ರಶ್ನೆ ಹಿಡಿದು ಬರುವವರು ಬಹಳ. ಅವರೆಲ್ಲರಲ್ಲೂ ನಾನು ಕಾಣುವ ಗೊಂದಲ ಒಂದೇ. ‘ಅಧಿಕಾರ ಪತ್ರ’ ಎಂಬ ಒಂದು ಕಾಗದ ಇದ್ದರೆ ನ್ಯಾಯಾಲಯದ ಎಲ್ಲ ಕೆಲಸಕ್ಕೂ ಸಾಕು ಎಂದುಕೊಂಡಿರುತ್ತಾರೆ. ಅಲ್ಲಿ ನಡೆಯುವುದು ನಾಲ್ಕು ಬೇರೆ ಬೇರೆ ಕೆಲಸ: ಕಂಪನಿಯ ಹೇಳಿಕೆಗೆ ಸಹಿ ಹಾಕುವುದು, ಪ್ರತಿನಿಧಿಯಾಗಿ ಹಾಜರಾಗಿ ವಾದಿಸುವುದು, ಸಾಕ್ಷಿ ಕಟ್ಟೆ ಹತ್ತುವುದು, ರಾಜಿಗೆ ಸಹಿ ಹಾಕುವುದು. ಒಂದೊಂದಕ್ಕೂ ಕಾನೂನು ಕೇಳುವುದು ಬೇರೆ. ಒಬ್ಬರೇ ನಾಲ್ಕನ್ನೂ ಮಾಡಬಹುದು, ಆದರೆ ಒಂದರ ಅಧಿಕಾರ ಇನ್ನೊಂದಕ್ಕೆ ತಾನಾಗಿ ಒದಗುವುದಿಲ್ಲ.

ಮೊದಲು ಸಹಿಯ ವಿಚಾರ. ಕಂಪನಿಯ ಪರವಾಗಿ ಯಾರು ಸಹಿ ಹಾಕಬಹುದು ಎಂಬುದನ್ನು 2013ರ ಕಂಪನಿ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಕಂಪನಿಯ ಪ್ರಮುಖ ವ್ಯವಸ್ಥಾಪಕ ಅಧಿಕಾರಿಗಳು, ಇಲ್ಲವೇ ನಿರ್ದೇಶಕ ಮಂಡಳಿಯಿಂದ ಅಧಿಕಾರ ಪಡೆದ ಅಧಿಕಾರಿ ಅಥವಾ ನೌಕರ. ಅಂದರೆ ನಿಮ್ಮಂಥ ಅಧಿಕಾರಿಯ ಸಹಿಗೆ ಬೆಲೆ ಬರುವುದು ಅದರ ಹಿಂದೆ ಮಂಡಳಿ ಇದ್ದಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ 29ನೇ ಆದೇಶದ 1ನೇ ನಿಯಮ ಸ್ವಲ್ಪ ಉದಾರ. ಕಂಪನಿಯ ಕಾರ್ಯದರ್ಶಿ, ನಿರ್ದೇಶಕ ಅಥವಾ ಪ್ರಕರಣದ ಸಂಗತಿಗಳನ್ನು ಪ್ರಮಾಣ ಮಾಡಿ ಹೇಳಬಲ್ಲ ಪ್ರಧಾನ ಅಧಿಕಾರಿ ಹುದ್ದೆಯ ಬಲದಿಂದಲೇ ಸಹಿ ಹಾಕಬಹುದು ಎನ್ನುತ್ತದೆ. ಕಾರ್ಮಿಕ ನ್ಯಾಯಾಲಯ ಸಿವಿಲ್ ಸಂಹಿತೆಗೆ ಅಕ್ಷರಶಃ ಕಟ್ಟುಬಿದ್ದಿಲ್ಲ, ತನ್ನ ಕಾರ್ಯವಿಧಾನವನ್ನು ತಾನೇ ರೂಪಿಸಿಕೊಳ್ಳಬಹುದು. ಆದರೂ ಇಂಥ ಪ್ರಶ್ನೆ ಎದ್ದಾಗ ಅದೇ ತತ್ವಗಳ ಕಡೆ ನೋಡುತ್ತದೆ. ಕಾರ್ಖಾನೆಯ ಎಚ್‌ಆರ್ ಅಧಿಕಾರಿ ‘ಪ್ರಧಾನ ಅಧಿಕಾರಿ’ ಹೌದೋ ಅಲ್ಲವೋ ಎಂಬುದು ವಾದಕ್ಕೆ ಬೀಳುವ ಪ್ರಶ್ನೆ. ಆ ವಾದವನ್ನು ಗೆಲ್ಲುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಸುಲಭ.

ಇನ್ನು ಜನರಲ್ ಮ್ಯಾನೇಜರ್ ಪತ್ರ. ಅವರು ದೊಡ್ಡ ಹುದ್ದೆಯಲ್ಲಿದ್ದಾರೆ, ಕಾರ್ಖಾನೆಯ ಸಕಲವೂ ಅವರ ಕೈಯಲ್ಲಿದೆ, ನಿಜ. ಆದರೆ ಕೇಳಬೇಕಾದ ಪ್ರಶ್ನೆ ಇದು: ಇನ್ನೊಬ್ಬರಿಗೆ ಅಧಿಕಾರ ಕೊಡುವ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಮಂಡಳಿ ಅವರಿಗೆ ‘ಕಂಪನಿಯ ಪರ ನ್ಯಾಯಾಲಯ ವ್ಯವಹಾರ ನೋಡಿಕೊಳ್ಳಿ, ಬೇಕಾದವರಿಗೆ ಆ ಕೆಲಸ ವಹಿಸಿ’ ಎಂದು ಮೊದಲೇ ನಿರ್ಣಯದ ಮೂಲಕವೋ ಮುಖ್ತಿಯಾರ್ ಪತ್ರದ ಮೂಲಕವೋ ಕೊಟ್ಟಿದ್ದರೆ, ಅವರ ಪತ್ರ ಗಟ್ಟಿ. ಮೂಲ ನಿರ್ಣಯವನ್ನೂ ಪತ್ರವನ್ನೂ ಜೊತೆಗಿಟ್ಟರೆ ಮುಗಿಯಿತು. ನಿಮ್ಮ ಕಂಪನಿ ಕಾರ್ಯದರ್ಶಿಯನ್ನು ಇವತ್ತೇ ಕೇಳಿ. ಬ್ಯಾಂಕ್ ಖಾತೆ ತೆರೆದಾಗಲೋ ತೆರಿಗೆ ಕೇಸು ಬಂದಾಗಲೋ ಇಂಥದ್ದೊಂದು ಸಾಮಾನ್ಯ ನಿರ್ಣಯ ಮಾಡಿಟ್ಟಿರುವುದುಂಟು. ಇದ್ದರೆ ಎರಡು ಸಂಗತಿ ಓದಿನೋಡಿ. ನ್ಯಾಯಾಲಯಗಳ ಪಟ್ಟಿಯಲ್ಲಿ ಕಾರ್ಮಿಕ ನ್ಯಾಯಾಲಯ, ಕೈಗಾರಿಕಾ ನ್ಯಾಯಮಂಡಳಿ ಬರುತ್ತವೆಯೇ? ಅಧಿಕಾರವನ್ನು ಕೆಳಗಿನವರಿಗೆ ಹಂಚಲು ಅನುಮತಿ ಇದೆಯೇ? ಎರಡನೆಯದು ಇಲ್ಲದಿದ್ದರೆ ಪತ್ರಕ್ಕೆ ಬುಡವಿಲ್ಲ. ವಹಿಸಿಕೊಂಡವರು ತಮ್ಮ ಮೇಲೆ ನಂಬಿಕೆಯಿಟ್ಟು ಕೊಟ್ಟ ಕೆಲಸವನ್ನು ಅನುಮತಿಯಿಲ್ಲದೆ ಮತ್ತೊಬ್ಬರ ಕೈಗೆ ದಾಟಿಸುವಂತಿಲ್ಲ ಎಂಬುದು ಕರಾರು ಕಾಯ್ದೆಯ 190ನೇ ಕಲಮಿನಲ್ಲೇ ಇದೆ.

ಈ ವಿಚಾರದಲ್ಲಿ ಎರಡು ಕಡೆಯವರೂ ಹಿಡಿದು ಬರುವ ಎರಡು ತೀರ್ಪುಗಳಿವೆ. 1996ರಲ್ಲಿ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ವಿರುದ್ಧ ನರೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕುವಾಗ ಅಧಿಕಾರ ಇರಲಿಲ್ಲ ಎಂಬ ತಾಂತ್ರಿಕ ಕೊರತೆಗಾಗಿ ನಿಜವಾದ ಹಕ್ಕು ಸೋಲಬಾರದು, ಕಂಪನಿ ಆಮೇಲೂ ಆ ಸಹಿಯನ್ನು ಅನುಮೋದಿಸಬಹುದು, ಆ ಅನುಮೋದನೆಯನ್ನು ಸಂದರ್ಭದಿಂದಲೂ ಊಹಿಸಬಹುದು ಎಂದಿತು. ಅದಾದ ಮೇಲೆ, ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ವಿರುದ್ಧ ಕಿಂಗ್‌ಸ್ಟನ್ ಕಂಪ್ಯೂಟರ್ಸ್ ಪ್ರಕರಣದ 2011ರ ತೀರ್ಪಿನಲ್ಲಿ ಬೇರೆ ಚಿತ್ರ. ಅಲ್ಲಿ ದಾವೆ ಹಾಕಿದವರ ಕೈಯಲ್ಲಿದ್ದದ್ದು ಕಂಪನಿಯ ಮುಖ್ಯಾಧಿಕಾರಿ ಬರೆದುಕೊಟ್ಟ ಪತ್ರ. ಆ ಮುಖ್ಯಾಧಿಕಾರಿಗೆ ಹಾಗೆ ಬೇರೊಬ್ಬರಿಗೆ ಅಧಿಕಾರ ಕೊಡಲು ಮಂಡಳಿಯ ನಿರ್ಣಯ ಇದ್ದದ್ದನ್ನು ರುಜುವಾತು ಮಾಡಲಿಲ್ಲ. ಪತ್ರವನ್ನು ಬರೀ ಕಾಗದದ ಚೂರು ಎಂದೇ ಕೋರ್ಟ್ ಕರೆಯಿತು. ದಾವೆ ವಜಾ ಆಯಿತು. ನಿಮ್ಮ ಎದುರಾಳಿ ಎರಡನೆಯದನ್ನು ಓದಿಕೊಂಡು ಬಂದಿದ್ದಾರೆ ಎಂದು ನನ್ನ ಅಂದಾಜು.

ಈ ಎರಡು ತೀರ್ಪುಗಳು ಪರಸ್ಪರ ಹೊಡೆದಾಡುತ್ತಿಲ್ಲ. ಕೊರತೆಯನ್ನು ತುಂಬಲು ಅವಕಾಶವಿದೆ ಎಂದು ಮೊದಲನೆಯದು ಹೇಳುತ್ತದೆ. ಅವಕಾಶವಿದ್ದೂ ತುಂಬದಿದ್ದರೆ ಏನಾಗುತ್ತದೆ ಎಂದು ಎರಡನೆಯದು ತೋರಿಸುತ್ತದೆ. ತಕರಾರು ಬಂದ ಮೇಲೂ ‘ನಮ್ಮ ಪತ್ರವೇ ಸಾಕು’ ಎಂದು ಹಟ ಹಿಡಿಯುವ ಕಂಪನಿಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅರ್ಧ ಪುಟದ ನಿರ್ಣಯವೊಂದು ತರದೆ ವರ್ಷಗಟ್ಟಲೆ ವಾದ ಬೆಳೆಸುತ್ತಾರೆ. ಅಷ್ಟೂ ಕಾಲ ಒಬ್ಬ ಕಾರ್ಮಿಕನ ಮನೆಗೆ ಸಂಬಳ ಬಂದಿರುವುದಿಲ್ಲ.

ನಿಮ್ಮ ಪ್ರಕರಣದಲ್ಲಿ ಕಂಪನಿ ಎರಡನೇ ಪಕ್ಷ, ಉತ್ತರ ಕೊಡುವ ಕಡೆ. ಹಾಗಾಗಿ ‘ದಾವೆ ವಜಾ’ ಎಂಬ ಅಪಾಯ ನಿಮಗಿಲ್ಲ. ನಿಮಗಿರುವ ಅಪಾಯ ಬೇರೆ. ನಿಮ್ಮ ಆಕ್ಷೇಪಣಾ ಹೇಳಿಕೆಯನ್ನು ಲೆಕ್ಕಕ್ಕೆ ಹಿಡಿಯದೆ, ಕಂಪನಿ ಹಾಜರಾಗಿಲ್ಲ ಎಂದು ಏಕಪಕ್ಷೀಯವಾಗಿ ಮುಂದುವರಿಯಬಹುದು. ಅಂಥಲ್ಲಿ ಹಿಂಬಾಕಿ ವೇತನದೊಂದಿಗೆ ಮರುನೇಮಕದ ಐತೀರ್ಪು (ಕಾರ್ಮಿಕ ನ್ಯಾಯಾಲಯದ ತೀರ್ಪು) ಬಂದರೆ ಅದನ್ನು ತೆಗೆಸಲು ಮತ್ತೆ ಅರ್ಜಿ, ಮತ್ತೆ ಕಾರಣ, ಮತ್ತೆ ಖರ್ಚು.

ಕಂಪನಿಯೇ ಅರ್ಜಿದಾರ ಆಗುವ ಸಂದರ್ಭದಲ್ಲಿ ಪೆಟ್ಟು ಇನ್ನೂ ಜೋರು. ಕೈಗಾರಿಕಾ ವಿವಾದ ಬಾಕಿ ಇರುವಾಗ ಕಾರ್ಮಿಕನನ್ನು ವಜಾ ಮಾಡಿದರೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 33(2)(ಬಿ) ಪ್ರಕಾರ ಒಂದು ತಿಂಗಳ ವೇತನ ಕೊಟ್ಟು ಅನುಮೋದನೆಗೆ ಅರ್ಜಿ ಹಾಕಬೇಕಿತ್ತು. ಅನುಮೋದನೆ ಸಿಗದಿದ್ದರೆ ವಜಾ ಆದೇಶವೇ ನಿಲ್ಲುವುದಿಲ್ಲ ಎಂದು ಜೈಪುರ ಜಿಲ್ಲಾ ಸಹಕಾರಿ ಭೂಮಿ ವಿಕಾಸ ಬ್ಯಾಂಕ್ ಪ್ರಕರಣದಲ್ಲಿ 2002ರಲ್ಲಿ ಸಂವಿಧಾನ ಪೀಠ ಹೇಳಿದೆ. ಅಂಥ ಅರ್ಜಿಗೆ ಯಾರು ಸಹಿ ಹಾಕಿದರು ಎಂಬ ಪ್ರಶ್ನೆಯಲ್ಲಿ ಎಡವಿದರೆ ಕಂಪನಿಗೆ ಎಷ್ಟು ದುಬಾರಿಯಾದೀತು ಎಂದು ನಿಮ್ಮ ಆಡಳಿತಕ್ಕೆ ಹೇಳಿನೋಡಿ, ನಿರ್ಣಯ ಬೇಗ ಸಿಗುತ್ತದೆ.

ಸರಿ, ನಿರ್ಣಯದಲ್ಲಿ ಏನಿರಬೇಕು? ‘ಶ್ರೀ ಇಂಥವರು ಕಂಪನಿಯ ಎಲ್ಲ ಕಾನೂನು ವ್ಯವಹಾರ ನೋಡಿಕೊಳ್ಳಲು ಅಧಿಕಾರ ಹೊಂದಿದ್ದಾರೆ’ ಎಂಬ ಒಂದು ಸಾಲಿನ ನಿರ್ಣಯಗಳನ್ನು ಬಹಳ ನೋಡಿದ್ದೇನೆ. ಅದು ತಪ್ಪಲ್ಲ, ಆದರೆ ಪಾಟೀ ಸವಾಲಿನಲ್ಲಿ ಎಳೆದರೆ ಹರಿಯುತ್ತದೆ. ನಿಮ್ಮ ಸಂದರ್ಭಕ್ಕೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

‘ಕಾರ್ಮಿಕ ನ್ಯಾಯಾಲಯದಲ್ಲಿ ಬಾಕಿ ಇರುವ ಇಂಥ ಸಂಖ್ಯೆಯ ಪ್ರಕರಣದಲ್ಲಿ ಹಾಗೂ ಅದರಿಂದ ಹುಟ್ಟುವ ಎಲ್ಲ ವ್ಯವಹಾರಗಳಲ್ಲಿ, ಹೈಕೋರ್ಟಿನ ರಿಟ್ ಅರ್ಜಿಯೂ ಸೇರಿದಂತೆ, ಕಂಪನಿಯ ಪರವಾಗಿ ಹೇಳಿಕೆ, ಅರ್ಜಿ, ಪ್ರಮಾಣಪತ್ರ (ಅಫಿಡವಿಟ್) ಮತ್ತು ವಕಾಲತ್ತಿಗೆ ಸಹಿ ಹಾಕಲು, ಹಾಜರಾಗಲು, ದಾಖಲೆ ಹಾಜರುಪಡಿಸಲು ಮತ್ತು ಸಾಕ್ಷ್ಯ ನುಡಿಯಲು ಎಚ್‌ಆರ್ ಅಧಿಕಾರಿಯಾದ ಇಂಥವರಿಗೆ ಈ ಮೂಲಕ ಅಧಿಕಾರ ನೀಡಲಾಗಿದೆ. ಈ ಪ್ರಕರಣದಲ್ಲಿ ಅವರು ಈ ದಿನಾಂಕದವರೆಗೆ ಕಂಪನಿಯ ಪರವಾಗಿ ಮಾಡಿದ ಎಲ್ಲ ಕೆಲಸಗಳನ್ನು, ಇಂಥ ದಿನಾಂಕದ ಆಕ್ಷೇಪಣಾ ಹೇಳಿಕೆಗೆ ಹಾಕಿದ ಸಹಿಯೂ ಸೇರಿದಂತೆ, ಮಂಡಳಿಯು ಅನುಮೋದಿಸಿ ಸ್ಥಿರೀಕರಿಸುತ್ತದೆ. ರಾಜಿಗೆ ಸಹಿ ಹಾಕುವ ಅಧಿಕಾರ ಮಾತ್ರ ವ್ಯವಸ್ಥಾಪಕ ನಿರ್ದೇಶಕರ ಲಿಖಿತ ಪೂರ್ವಾನುಮತಿಗೆ ಒಳಪಟ್ಟಿರುತ್ತದೆ.’

ಎರಡನೇ ವಾಕ್ಯವೇ ನಿಮ್ಮನ್ನು ಕಾಯುವುದು. ಒಬ್ಬರ ಪರವಾಗಿ ಅನುಮತಿಯಿಲ್ಲದೆ ಮಾಡಿದ ಕೆಲಸವನ್ನು ಅವರು ಆಮೇಲೆ ಒಪ್ಪಿಕೊಂಡರೆ, ಮೊದಲೇ ಹೇಳಿ ಮಾಡಿಸಿದಷ್ಟೇ ಬಲ ಅದಕ್ಕೆ ಬರುತ್ತದೆ. ಕರಾರು ಕಾಯ್ದೆಯ 196ನೇ ಕಲಂ ಇದನ್ನೇ ಹೇಳುತ್ತದೆ. ದಯವಿಟ್ಟು ನಿರ್ಣಯಕ್ಕೆ ಹಿಂದಿನ ದಿನಾಂಕ ಹಾಕುವ ಆಲೋಚನೆ ಮಾತ್ರ ಬೇಡ. ಹಾಗೆ ಮಾಡೋಣ ಎನ್ನುವ ಸಲಹೆಗಾರರು ಇರುತ್ತಾರೆ. ನಡಾವಳಿ ಪುಸ್ತಕ ತರಿಸಿ ಎಂದು ಎದುರು ಪಕ್ಷ ಅರ್ಜಿ ಹಾಕಿದರೆ, ಆ ದಿನ ಸಭೆಯೇ ನಡೆದಿರಲಿಲ್ಲ ಎಂದು ಹೊರಬಿದ್ದರೆ, ಸರಿಪಡಿಸಬಹುದಾಗಿದ್ದ ಸಣ್ಣ ಕೊರತೆ ಸುಳ್ಳು ದಾಖಲೆಯ ಆರೋಪಕ್ಕೆ ತಿರುಗುತ್ತದೆ. ಇಂದಿನ ದಿನಾಂಕ ಹಾಕಿ ಹಿಂದಿನದನ್ನು ಅನುಮೋದಿಸಲು ಕಾನೂನೇ ಬಿಟ್ಟಿರುವಾಗ ಈ ಕಳ್ಳದಾರಿ ಯಾಕೆ?

‘ಮಂಡಳಿ ಸಭೆ ಇನ್ನೂ ಎರಡು ತಿಂಗಳಿಗೆ’ ಎಂಬ ಉತ್ತರ ಬರಬಹುದು. ಕಾಯಬೇಕಾಗಿಲ್ಲ. ಕಂಪನಿ ಕಾಯ್ದೆಯ 175ನೇ ಕಲಂ ಪ್ರಕಾರ ಕರಡನ್ನು ಎಲ್ಲ ನಿರ್ದೇಶಕರಿಗೆ ಕಳಿಸಿ, ಮತ ಹಾಕಲು ಅರ್ಹರಾದವರಲ್ಲಿ ಬಹುಮತದ ಒಪ್ಪಿಗೆ ಪಡೆದು ನಿರ್ಣಯ ಮಾಡಬಹುದು. ಮುಂದಿನ ಸಭೆಯಲ್ಲಿ ಅದನ್ನು ದಾಖಲಿಸಿಕೊಂಡರಾಯಿತು. ಒಬ್ಬರೇ ನಿರ್ದೇಶಕರಿರುವ ಏಕವ್ಯಕ್ತಿ ಕಂಪನಿಯಾದರೆ ಇನ್ನೂ ಸರಳ. ಅವರು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ, ದಿನಾಂಕ ಹಾಕಿದರೆ ಸಾಕು.

ದೃಢೀಕೃತ ಪ್ರತಿಯನ್ನು ಕಂಪನಿ ಕಾರ್ಯದರ್ಶಿಯಿಂದಲೋ ನಿರ್ದೇಶಕರೊಬ್ಬರಿಂದಲೋ ಮಾಡಿಸಿ. ಅವರ ಹೆಸರು, ಹುದ್ದೆ, ನಿರ್ದೇಶಕರಾದರೆ ಡಿಐಎನ್ (ನಿರ್ದೇಶಕರ ಗುರುತಿನ ಸಂಖ್ಯೆ), ಸಭೆಯ ದಿನಾಂಕ, ದೃಢೀಕರಿಸಿದ ದಿನಾಂಕ ಎಲ್ಲವೂ ಕಾಣಬೇಕು. ಅಧಿಕಾರ ಪಡೆದವರೇ ‘ನಿಜ ಪ್ರತಿ’ ಎಂದು ಬರೆದು ಸಹಿ ಹಾಕಿಕೊಂಡ ನಿರ್ಣಯಗಳು ನ್ಯಾಯಾಲಯಗಳಲ್ಲಿ ಈಗಲೂ ಕಾಣಸಿಗುತ್ತವೆ. ಅದನ್ನು ನೋಡಿದ ಕೂಡಲೇ ಎದುರಿನವರ ಮುಖ ಅರಳುತ್ತದೆ. ಇನ್ನೊಂದು ಸಣ್ಣ ಸಂಗತಿ: ಕಂಪನಿಯ ಹೆಸರು. ಕೇಸಿನ ಶೀರ್ಷಿಕೆಯಲ್ಲಿ ‘ಆಡಳಿತವರ್ಗ, ಇಂಥ ಇಂಡಸ್ಟ್ರೀಸ್’ ಎಂದಿರುತ್ತದೆ, ನಿರ್ಣಯದಲ್ಲಿ ಪೂರ್ತಿ ನೋಂದಾಯಿತ ಹೆಸರು ಇರುತ್ತದೆ, ನಡುವೆ ಕಂಪನಿ ಹೆಸರು ಬದಲಾಯಿಸಿಕೊಂಡಿರುತ್ತದೆ. ಎರಡೂ ಒಂದೇ ಎಂದು ತೋರಿಸುವ ನೋಂದಣಿ ಪ್ರಮಾಣಪತ್ರದ ಪ್ರತಿಯೊಂದನ್ನು ಜೊತೆಗಿಡಿ.

ಮುದ್ರೆಯ ಬಗ್ಗೆ ಹಳಬರು ಕೇಳುತ್ತಾರೆ. 2015ರ ತಿದ್ದುಪಡಿಯ ನಂತರ ಕಂಪನಿಗೆ ಸಾಮಾನ್ಯ ಮುದ್ರೆ ಇರಲೇಬೇಕೆಂದಿಲ್ಲ. ಮುದ್ರೆ ಇಲ್ಲದ ಕಂಪನಿ ಮುಖ್ತಿಯಾರ್ ಪತ್ರ ಕೊಡುವುದಾದರೆ ಇಬ್ಬರು ನಿರ್ದೇಶಕರು, ಅಥವಾ ಕಂಪನಿ ಕಾರ್ಯದರ್ಶಿ ಇರುವಲ್ಲಿ ಒಬ್ಬ ನಿರ್ದೇಶಕರು ಮತ್ತು ಕಾರ್ಯದರ್ಶಿ ಸಹಿ ಹಾಕಬೇಕು, 22ನೇ ಕಲಂ. ಮುಖ್ತಿಯಾರ್ ಪತ್ರಕ್ಕೆ ಸರಿಯಾದ ಸ್ಟಾಂಪ್ ಶುಲ್ಕ ಕಟ್ಟಿರಬೇಕು, ಇಲ್ಲದಿದ್ದರೆ ಅದನ್ನು ಸಾಕ್ಷ್ಯವಾಗಿ ಓದುವುದಕ್ಕೇ ತಕರಾರು ಬರುತ್ತದೆ. ನಿಮ್ಮ ಕೆಲಸಕ್ಕೆ ಮುಖ್ತಿಯಾರ್ ಪತ್ರದ ಅಗತ್ಯವೇ ಇಲ್ಲ, ನಿರ್ಣಯ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ಹಾಜರಾಗಿ ವಾದಿಸುವ ಪ್ರಶ್ನೆ. ಇಲ್ಲಿ ಕಾರ್ಮಿಕ ನ್ಯಾಯಾಲಯ ಉಳಿದ ನ್ಯಾಯಾಲಯಗಳಿಂದ ಬೇರೆಯಾಗುತ್ತದೆ. 1947ರ ಕಾಯ್ದೆಯ 36ನೇ ಕಲಂ ಕಾರ್ಮಿಕನನ್ನು ಯೂನಿಯನ್ ಪದಾಧಿಕಾರಿ ಪ್ರತಿನಿಧಿಸಬಹುದು, ಮಾಲೀಕನನ್ನು ಮಾಲೀಕರ ಸಂಘದ ಅಧಿಕಾರಿ ಪ್ರತಿನಿಧಿಸಬಹುದು ಎನ್ನುತ್ತದೆ. ಸಂಧಾನಾಧಿಕಾರಿಯ ಮುಂದೆ ವಕೀಲರಿಗೆ ಪ್ರವೇಶವೇ ಇಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ವಕೀಲರು ಬರಬೇಕಾದರೆ 36(4)ರ ಪ್ರಕಾರ ಎದುರು ಪಕ್ಷದ ಒಪ್ಪಿಗೆಯೂ ಬೇಕು, ನ್ಯಾಯಾಲಯದ ಅನುಮತಿಯೂ ಬೇಕು. ಎರಡೂ. ಈ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಪ್ರಾತಿನಿಧ್ಯದ ಬಗ್ಗೆ ಅದರ 94ನೇ ಕಲಮಿನಲ್ಲಿರುವುದೂ ಮುಖ್ಯವಾಗಿ ಇದೇ ಏರ್ಪಾಡು. ಹಾಗಾಗಿ ಹಳೆಯ ಕಲಮಿನ ಮೇಲೆ ಬಂದ ತೀರ್ಪುಗಳನ್ನು ಬದಿಗಿಡುವ ಕಾಲ ಬಂದಿಲ್ಲ.

ಆ ತೀರ್ಪುಗಳಲ್ಲಿ ಮುಖ್ಯವಾದದ್ದು ಪಾರಾದೀಪ್ ಬಂದರು ಟ್ರಸ್ಟ್ ಪ್ರಕರಣ, 1976ರದ್ದು. ನಿಮ್ಮ ಪ್ರಶ್ನೆಯ ಎರಡು ಭಾಗಕ್ಕೆ ಅದರಲ್ಲೇ ಉತ್ತರವಿದೆ. ಮಾಲೀಕರ ಸಂಘದ ಅಧಿಕಾರಿ ಮಾತ್ರ ಬರಬಹುದು ಎಂದು 36ನೇ ಕಲಮನ್ನು ಓದಬಾರದು. ಕಂಪನಿಯು ತನ್ನ ನಿರ್ದೇಶಕರ ಮೂಲಕವೋ ತನ್ನದೇ ಅಧಿಕಾರಿಗಳ ಮೂಲಕವೋ ಹಾಜರಾಗಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಎಚ್‌ಆರ್ ಅಧಿಕಾರಿಯಾಗಿ ನೀವು ಹಾಜರಾಗುವುದಕ್ಕೆ ಎದುರು ಪಕ್ಷದ ಒಪ್ಪಿಗೆ ಬೇಕಿಲ್ಲ. ಇದು ನಿಮಗೆ ಅನುಕೂಲ. ವಕೀಲರು ವಕೀಲರಾಗಿಯೇ ಬರುವುದಾದರೆ ಒಪ್ಪಿಗೆ ಮತ್ತು ಅನುಮತಿ ಎರಡನ್ನೂ ಪಡೆಯಲೇಬೇಕು, ಮುಖ್ತಿಯಾರ್ ಪತ್ರ ಒಂದನ್ನು ಬರೆಸಿಕೊಂಡು ಆ ಬೇಲಿ ಹಾರುವಂತಿಲ್ಲ ಎಂಬುದು ಅದೇ ತೀರ್ಪಿನ ಮತ್ತೊಂದು ಮಾತು. ನಿಮ್ಮ ಕಚೇರಿಯ ಜಿಪಿಎ ಸಲಹೆ ಇಲ್ಲಿಗೆ ಮುಗಿಯಿತು.

ಹಾಗಾದರೆ ವಕೀಲರ ದಾರಿ ಪೂರ್ತಿ ಮುಚ್ಚಿದೆಯೇ? ಇಲ್ಲ. ನಿಮ್ಮ ಕಂಪನಿ ಮಾಲೀಕರ ಸಂಘವೊಂದರ ಸದಸ್ಯನಾಗಿದ್ದು, ಆ ಸಂಘದ ನಿಜವಾದ ಪದಾಧಿಕಾರಿಯೊಬ್ಬರು ವಕೀಲರೂ ಆಗಿದ್ದರೆ, ಅವರು ಪದಾಧಿಕಾರಿಯಾಗಿ ಬರಬಹುದು. ಅವರ ವಕೀಲಿ ಪದವಿ ಅಡ್ಡಿಯಲ್ಲ ಎಂದು ಪಾರಾದೀಪ್ ತೀರ್ಪೇ ಹೇಳಿದೆ. ಮುಂದಕ್ಕೆ ಕಾರ್ಮಿಕರೇ ವಕೀಲರನ್ನು ಇಟ್ಟುಕೊಂಡರೆ ನಿಮ್ಮ ವಕೀಲರಿಗೆ ಬೇಡವೆನ್ನುವುದು ಅವರಿಗೆ ಕಷ್ಟ. ವಕಾಲತ್ತು ಹಾಕಿದಾಗ ಸುಮ್ಮನಿದ್ದು, ಹಲವು ವಾಯಿದೆ ಕಳೆದ ಮೇಲೆ ತಕರಾರು ತೆಗೆದರೆ ಒಪ್ಪಿಗೆ ಇತ್ತೆಂದೇ ಹೈಕೋರ್ಟ್‌ಗಳು ತೆಗೆದುಕೊಂಡದ್ದುಂಟು. ನಿಮ್ಮಲ್ಲಿ ತಕರಾರು ಮೊದಲೇ ಬಂದಿದೆ, ಆ ವಾದ ನಿಮಗೆ ಒದಗದು. ವಕೀಲರನ್ನು ತೆರೆಮರೆಯಲ್ಲಿ ಸಲಹೆಗೆ ಇಟ್ಟುಕೊಳ್ಳಿ. ಹೇಳಿಕೆ, ಅರ್ಜಿಗಳ ಕರಡು ಅವರಿಂದ ಬರೆಸಿ. ನಿಂತು ಮಾತಾಡುವವರು ನೀವಾಗಿರಿ. ಕಾನೂನು ಈ ಬೇಲಿ ಹಾಕಿದ್ದೇ ಎರಡು ಕಡೆಯವರ ಬಲ ಸಮವಾಗಿರಲಿ ಎಂದು. ಆ ಉದ್ದೇಶಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಹಾಜರಾತಿಗೆ ಒಂದು ನಮೂನೆ ಇದೆ ಎಂಬುದನ್ನು ಬಹಳ ಕಂಪನಿಗಳು ಮರೆಯುತ್ತವೆ. 1947ರ ಕಾಯ್ದೆಯಡಿ ಬಂದ ಕೇಂದ್ರದ 1957ರ ನಿಯಮಗಳ 36ನೇ ನಿಯಮದಲ್ಲಿ ಅದು ನಮೂನೆ ಎಫ್. ಪ್ರಕರಣದ ಸಂಖ್ಯೆ, ಪಕ್ಷಗಳ ಹೆಸರು, ‘ಈ ವಿಚಾರದಲ್ಲಿ ನಮ್ಮನ್ನು ಪ್ರತಿನಿಧಿಸಲು ಇಂಥವರಿಗೆ ಅಧಿಕಾರ ಕೊಟ್ಟಿದ್ದೇವೆ’ ಎಂಬ ಒಂದು ವಾಕ್ಯ, ಕೊಟ್ಟವರ ಸಹಿ, ಒಪ್ಪಿಕೊಂಡವರ ಸಹಿ. ಅಷ್ಟೇ. ನಿಮ್ಮ ನ್ಯಾಯಾಲಯದಲ್ಲಿ ಯಾವ ನಮೂನೆ ನಡೆಯುತ್ತದೆ ಎಂದು ಶಿರಸ್ತೇದಾರರನ್ನು ಕೇಳಿ, ನಿರ್ದೇಶಕರಿಂದ ಸಹಿ ಮಾಡಿಸಿ, ನಿರ್ಣಯವನ್ನು ಅದರ ಹಿಂದೆ ಲಗತ್ತಿಸಿ. ನಿರ್ಣಯವಿಲ್ಲದ ನಮೂನೆಗೂ ನಮೂನೆಯಿಲ್ಲದ ನಿರ್ಣಯಕ್ಕೂ ಮತ್ತೆ ಒಂದು ವಾಯಿದೆ ಖರ್ಚಾಗುತ್ತದೆ. ಪ್ರತಿನಿಧಿ ಮಾಡಿದ್ದಕ್ಕೆ ಪಕ್ಷ ಬದ್ಧ ಎಂದು ಅದೇ ನಿಯಮಗಳು ಹೇಳುತ್ತವೆ ಎಂಬುದನ್ನು ಆಡಳಿತಕ್ಕೂ ತಿಳಿಸಿ. ನೀವು ಅಲ್ಲಿ ಒಪ್ಪಿಕೊಂಡದ್ದು ಕಂಪನಿ ಒಪ್ಪಿಕೊಂಡಂತೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ‘ನಾನೇ ಸಾಕ್ಷಿ ಹೇಳಬಹುದೇ’ ಎಂಬ ಮಾತು. ಹೇಳಬಹುದು. ಆದರೆ ಇಲ್ಲಿ ಕಾಗದದ ಅಧಿಕಾರಕ್ಕಿಂತ ತಿಳಿವಳಿಕೆ ದೊಡ್ಡದು. ಮುಖ್ತಿಯಾರ್ ಪತ್ರ ಹಿಡಿದವರು ತಾವು ಮಾಡಿದ ಕೆಲಸಗಳ ಬಗ್ಗೆ ಸಾಕ್ಷ್ಯ ನುಡಿಯಬಹುದೇ ಹೊರತು, ಅಧಿಕಾರ ಕೊಟ್ಟವರಿಗೆ ಮಾತ್ರ ಖುದ್ದು ಗೊತ್ತಿರುವ ಸಂಗತಿಯನ್ನು ಅವರ ಬದಲಿಗೆ ನುಡಿಯುವಂತಿಲ್ಲ ಎಂದು ಜಾನಕಿ ವಾಸುದೇವ್ ಭೋಜ್ವಾನಿ ವಿರುದ್ಧ ಇಂಡಸ್‌ಇಂಡ್ ಬ್ಯಾಂಕ್ ಪ್ರಕರಣದಲ್ಲಿ 2004ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿಯ ಸಾಕ್ಷಿಗೂ ಅದರ ತಿರುಳು ಅನ್ವಯಿಸುತ್ತದೆ. ಮಂಡಳಿ ನಿಮಗೆ ಅಧಿಕಾರ ಕೊಡಬಲ್ಲದು, ನೀವು ನೋಡದ ಘಟನೆಯ ನೆನಪನ್ನು ಕೊಡಲಾರದು.

ಎಂಡಬ್ಲ್ಯು-1 (ಆಡಳಿತವರ್ಗದ ಮೊದಲ ಸಾಕ್ಷಿ) ಆಗಿ ಕಟ್ಟೆ ಹತ್ತಿದ ಅಧಿಕಾರಿಗೆ ಪಾಟೀ ಸವಾಲು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ:

‘ನೀವು ಕಂಪನಿ ಸೇರಿದ್ದು ಯಾವಾಗ?’
‘ಮೂರು ವರ್ಷದ ಹಿಂದೆ.’
‘ಕಾರ್ಮಿಕರನ್ನು ವಜಾ ಮಾಡಿದ್ದು?’
‘ಅದಕ್ಕೂ ಮೊದಲು.’
‘ಗಲಾಟೆ ನಡೆಯಿತು ಎನ್ನುವ ದಿನ ನೀವು ಅಲ್ಲಿರಲಿಲ್ಲ?’
‘ಇರಲಿಲ್ಲ.’
‘ಪ್ರಮಾಣಪತ್ರದಲ್ಲಿ ಬರೆದದ್ದೆಲ್ಲ ಯಾರೋ ಹೇಳಿದ್ದು?’

ಇಲ್ಲಿ ತಡವರಿಸಿ ‘ನನಗೆ ಗೊತ್ತು’ ಎಂದರೆ ಕೇಸು ಅಲ್ಲೇ ಅರ್ಧ ಸೋತಂತೆ. ‘ನನ್ನ ವಶದಲ್ಲಿರುವ ಕಡತಗಳಿಂದ ತಿಳಿದು ಹೇಳುತ್ತಿದ್ದೇನೆ’ ಎಂಬುದು ಪ್ರಾಮಾಣಿಕ ಉತ್ತರ, ಅದೇ ಗಟ್ಟಿ ಉತ್ತರ. ಹಾಜರಾತಿ ಪುಸ್ತಕ, ವೇತನ ಪಟ್ಟಿ, ಆರೋಪ ಪತ್ರ, ವಿಚಾರಣಾ ವರದಿ, ಇವನ್ನು ನಿಶಾನೆ ಎಂ-1, ಎಂ-2 ಎಂದು ಗುರುತಿಸಿಕೊಡಲು ನೀವು ಸರಿಯಾದ ಸಾಕ್ಷಿ. ಬೋರ್ಡ್ ನಿರ್ಣಯವನ್ನೇ ಎಂ-1 ಮಾಡಿಸಿ, ಆಗ ಅಧಿಕಾರದ ಪ್ರಶ್ನೆ ಪಾಟೀ ಸವಾಲಿಗೆ ಬರುವ ಮೊದಲೇ ಮುಗಿದಿರುತ್ತದೆ. ಆದರೆ ವಜಾಕ್ಕೆ ಮೊದಲು ಕಂಪನಿಯೊಳಗೆ ನಡೆದ ವಿಚಾರಣೆ ನ್ಯಾಯಯುತವಾಗಿತ್ತೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಆ ವಿಚಾರಣೆ ನಡೆಸಿದ ಅಧಿಕಾರಿ. ದುರ್ನಡತೆಯನ್ನು ನ್ಯಾಯಾಲಯದಲ್ಲೇ ಹೊಸದಾಗಿ ರುಜುವಾತು ಮಾಡಬೇಕಾಗಿ ಬಂದರೆ ಕಣ್ಣಾರೆ ಕಂಡ ಮೇಲ್ವಿಚಾರಕರೋ ಸಹೋದ್ಯೋಗಿಯೋ ಬರಬೇಕು. ಅವರಿಗೆ ಮಂಡಳಿಯ ನಿರ್ಣಯ ಬೇಕಿಲ್ಲ, ಕಂಡದ್ದನ್ನು ಹೇಳುವ ಸಾಕ್ಷಿಗೆ ಯಾರ ಅಪ್ಪಣೆಯೂ ಬೇಡ. ಅವರು ನಿವೃತ್ತರಾಗುವ ಮೊದಲು, ಊರು ಬಿಡುವ ಮೊದಲು ಪಟ್ಟಿ ಮಾಡಿಕೊಳ್ಳಿ.

ನೀವು ಪ್ರತಿನಿಧಿಯಾಗಿ ವಾದಿಸುತ್ತಲೂ ಇದ್ದು ಸಾಕ್ಷಿಯೂ ಆಗುವುದಕ್ಕೆ ನೇರ ನಿಷೇಧವಿಲ್ಲ. ಆದರೆ ನಿಮ್ಮ ಮುಖ್ಯ ವಿಚಾರಣೆ (ಕಂಪನಿಯ ಕಡೆಯಿಂದಲೇ ಪ್ರಶ್ನೆ ಕೇಳಿ ಸಾಕ್ಷ್ಯ ಹೇಳಿಸುವುದು) ಮಾಡುವವರು ಯಾರು, ಪಾಟೀ ಸವಾಲಿನ ನಡುವೆ ಅಡ್ಡ ಬಂದು ಆಕ್ಷೇಪಿಸುವವರು ಯಾರು? ಸಾಧ್ಯವಾದರೆ ನಿರ್ಣಯದಲ್ಲಿ ಇಬ್ಬರ ಹೆಸರು ಹಾಕಿಸಿ, ‘ಒಟ್ಟಾಗಿ ಅಥವಾ ಪ್ರತ್ಯೇಕವಾಗಿ’ ಎಂಬ ಮಾತು ಸೇರಿಸಿ. ಒಬ್ಬರು ಕೆಲಸ ಬಿಟ್ಟುಹೋದರೂ ಕೇಸು ನಿಲ್ಲುವುದಿಲ್ಲ. ಕಾರ್ಮಿಕ ನ್ಯಾಯಾಲಯದ ಕೇಸಿನ ಆಯಸ್ಸಿಗಿಂತ ಎಚ್‌ಆರ್ ಅಧಿಕಾರಿಯ ನೌಕರಿಯ ಆಯಸ್ಸು ಕಡಿಮೆ ಇರುವ ಕಾಲ ಇದು.

ರಾಜಿಯ ಬಗ್ಗೆ ಚುಟುಕಾಗಿ. ಒಪ್ಪಂದದ ಜ್ಞಾಪನಕ್ಕೆ ಕಂಪನಿಯ ಪರ ಅದರ ಏಜೆಂಟ್, ಮ್ಯಾನೇಜರ್ ಅಥವಾ ಪ್ರಧಾನ ಅಧಿಕಾರಿ ಸಹಿ ಹಾಕಬೇಕೆಂದು ಕೇಂದ್ರ ನಿಯಮಗಳ 58ನೇ ನಿಯಮ ಹೇಳುತ್ತದೆ. ಹಾಜರಾಗಲು ಅಧಿಕಾರವಿದ್ದ ಮಾತ್ರಕ್ಕೆ ಹಣ ಕೊಡುತ್ತೇವೆ, ಕೆಲಸಕ್ಕೆ ವಾಪಸು ತೆಗೆದುಕೊಳ್ಳುತ್ತೇವೆ ಎಂದು ಮಾತು ಕೊಡಬೇಡಿ. ನೀವು ಒಪ್ಪಿ, ಮೇಲಿನವರು ಒಪ್ಪದೆ, ಕಾರ್ಮಿಕರು ಕಾದು ಕಾದು ಸೋಲುವುದು ಯಾರಿಗೂ ಶೋಭೆಯಲ್ಲ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಈ ಎಲ್ಲ ಲೆಕ್ಕ ಬದಲಾಗುತ್ತದೆ. 2016ರ ದಿವಾಳಿ ಸಂಹಿತೆಯ 17ನೇ ಕಲಂ ಪ್ರಕಾರ ಮಂಡಳಿಯ ಅಧಿಕಾರ ಅಮಾನತಾಗಿ ಮಧ್ಯಂತರ ಪರಿಹಾರ ವೃತ್ತಿಪರರ (ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದವರ) ಕೈಗೆ ಹೋಗುತ್ತದೆ. ಆಮೇಲೆ ಹಳೆಯ ನಿರ್ಣಯ ಹಿಡಿದು ಬರಬೇಡಿ, ಅವರಿಂದ ಹೊಸ ಅಧಿಕಾರ ಪತ್ರ ತನ್ನಿ.

ಕೊನೆಗೆ ನಿಮ್ಮ ಸ್ವಂತದ ಚಿಂತೆ. ನೌಕರಿಯ ಭಾಗವಾಗಿ, ಮೇಲಿನವರು ಹೇಳಿದಂತೆ ಕಂಪನಿಯ ಹೇಳಿಕೆಗೆ ಸಹಿ ಹಾಕಿದ್ದಕ್ಕೆ ನಿಮ್ಮ ಮೇಲೆ ಹೊಣೆ ಬರುವುದಿಲ್ಲ. ಮಂಡಳಿ ಅದನ್ನು ಅನುಮೋದಿಸಿದ ಮೇಲಂತೂ ಆ ಮಾತೇ ಇಲ್ಲ. ಪ್ರಮಾಣಪತ್ರ ಮಾತ್ರ ಬೇರೆ. ಪ್ರಮಾಣ ಮಾಡಿ ಹೇಳಿದ ಪ್ರತಿ ಸಾಲಿಗೂ ಹೇಳಿದವರೇ ಹೊಣೆ, ಅಲ್ಲಿ ಕಂಪನಿಯ ಹಿಂದೆ ನಿಲ್ಲಲಾಗದು. ಅಂಥ ಕರಡುಗಳ ಮೊದಲ ಪ್ಯಾರಾದಲ್ಲೇ ‘ನಾನು ಕಂಪನಿಯ ಅಧಿಕೃತ ಪ್ರತಿನಿಧಿ, ಪ್ರಕರಣದ ಸಂಗತಿಗಳನ್ನು ಖುದ್ದು ಬಲ್ಲೆ’ ಎಂದು ಅಚ್ಚು ಹಾಕಿಟ್ಟಿರುತ್ತಾರೆ. ನಿರ್ಣಯ ಕೈಗೆ ಬರುವವರೆಗೆ ಆ ಸಾಲಿಗೆ ಸಹಿ ಹಾಕಬೇಡಿ. ಬಂದ ಮೇಲೂ ‘ಖುದ್ದು ಬಲ್ಲೆ’ ಎಂಬುದನ್ನು ಹೊಡೆದುಹಾಕಿ, ‘ಕಂಪನಿಯ ದಾಖಲೆಗಳಿಂದ ತಿಳಿದಿದ್ದೇನೆ’ ಎಂದು ಬರೆಸಿ. ಮುಂದಿನ ವಾಯಿದೆಯ ದಿನ ನಿರ್ಣಯದ ದೃಢೀಕೃತ ಪ್ರತಿ, ನಿರ್ದೇಶಕರು ಸಹಿ ಮಾಡಿದ ನಮೂನೆ, ಇವೆರಡನ್ನೂ ಕಡತಕ್ಕೆ ತೆಗೆದುಕೊಳ್ಳಬೇಕೆಂಬ ಒಂದು ಪುಟದ ಅರ್ಜಿ, ಅದರ ಒಂದು ಪ್ರತಿ ಯೂನಿಯನ್ ಮುಖಂಡರಿಗೆ. ಕೇಸು ಕರೆದ ಕೂಡಲೇ ಕೊಟ್ಟುಬಿಡಿ. ವಾಯಿದೆ ಕೇಳಬೇಡಿ, ವಿಚಾರಣೆಗೆ ಸಿದ್ಧ ಎಂದು ಹೇಳಿ.